ಬೆಲ್ ಹೊಡೆದದ್ದಷ್ಟೇ ಗೊತ್ತು: ಡಿವೈಸ್ ಡ್ರೈವರ್‌ನಲ್ಲಿ ಇಂಟರಪ್ಟ್ ಸಂಭಾಳಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ಒಂದು ಬೋರ್ಡ್ ಬಂದು ಕೂತಿತು. ಏಳಿಂಚಿನ ಟಚ್ ಪರದೆ, ಒಳಗೆ ಲಿನಕ್ಸ್. ದೂರು ಇಷ್ಟೇ: ದಿನಕ್ಕೆ ಒಂದೆರಡು ಸಲ ಟಚ್ ಸತ್ತುಹೋಗುತ್ತದೆ. ಪರದೆಯ ಮೇಲಿನ ಗಡಿಯಾರ ಓಡುತ್ತಿರುತ್ತದೆ, ನೆಟ್‌ವರ್ಕ್ ನಡೆಯುತ್ತಿರುತ್ತದೆ, ಬೆರಳಿಗೆ ಮಾತ್ರ ಉತ್ತರ ಇಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಲಾಗ್‌ನಲ್ಲಿ ಒಂದೇ ಒಂದು ಸಾಲು ಎರರ್ ಇಲ್ಲ.

ನಾನು ಎರಡು ಕಡೆ ನೋಡಿದೆ. ಒಂದು, ಪ್ರಾಕ್ ಡೈರೆಕ್ಟರಿಯಲ್ಲಿರುವ ಇಂಟರಪ್ಟ್ಸ್ ಫೈಲ್. ಇಂಟರಪ್ಟ್ ಎಂದರೆ ಡಿವೈಸ್ ಪ್ರೊಸೆಸರ್‌ಗೆ ಹೊಡೆಯುವ ಬೆಲ್. ಯಾವ ಇಂಟರಪ್ಟ್ ಯಾವ ಸಿಪಿಯುಗೆ ಎಷ್ಟು ಸಲ ಬಂತು ಎಂಬ ಲೆಕ್ಕ ಅಲ್ಲಿರುತ್ತದೆ. ಟಚ್ ಸತ್ತ ಮೇಲೆ ಅದರ ಸಾಲಿನ ಅಂಕಿ ಕದಲುತ್ತಿರಲಿಲ್ಲ. ಇನ್ನೊಂದು, ಆಸಿಲೋಸ್ಕೋಪ್. ಟಚ್ ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ಇಂಟರಪ್ಟ್ ಗೆರೆಗೆ ಪ್ರೋಬ್ ಇಟ್ಟೆ. ಸುಮ್ಮನಿದ್ದಾಗ ಅದು 3.3 ವೋಲ್ಟ್ ತೋರಿಸಬೇಕು. ತೋರಿಸಿದ್ದು ಸೊನ್ನೆ.

ಅಂದರೆ ಚಿಪ್ ಬೆಲ್ ಒತ್ತಿ ಹಿಡಿದುಕೊಂಡೇ ನಿಂತಿತ್ತು. ಒಳಗಿದ್ದವರಿಗೆ ಕೇಳಿಸುತ್ತಿರಲಿಲ್ಲ.

ಇದರ ಕಾರಣ ಒಂದೇ ಒಂದು ಅಂಕಿಯಲ್ಲಿತ್ತು. ಆದರೆ ಆ ಅಂಕಿ ಯಾಕೆ ತಪ್ಪು ಅಂತ ಅರ್ಥವಾಗಬೇಕಾದರೆ ಇಂಟರಪ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಉದಾಹರಣೆಗಳೆಲ್ಲ ಲಿನಕ್ಸ್‌ನವು. ಬೇರೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹೆಸರು ಬದಲಾಗುತ್ತವೆ, ತಾಪತ್ರಯ ಅದೇ.

ಕರೆ ಬಂತು, ಸುದ್ದಿ ಬರಲಿಲ್ಲ

ಪ್ರೊಸೆಸರ್ ತನ್ನ ಪಾಡಿಗೆ ಯಾವುದೋ ಪ್ರೋಗ್ರಾಮ್ ಓಡಿಸುತ್ತಿರುತ್ತದೆ. ಡಿವೈಸ್ ಒಂದು ಸಿಗ್ನಲ್ ಕೊಡುತ್ತದೆ. ನಡುವೆ ಕೂತ ಇಂಟರಪ್ಟ್ ಕಂಟ್ರೋಲರ್ ಅದನ್ನು ಹಿಡಿದು ಪ್ರೊಸೆಸರ್‌ಗೆ ತಲುಪಿಸುತ್ತದೆ. ಹಳೆಯ ಪಿಸಿಗಳಲ್ಲಿ ಈ ಕೆಲಸ ಇಂಟೆಲ್‌ನ 8259 ಚಿಪ್‌ನದು. ಒಂದು ಚಿಪ್‌ಗೆ 8 ಗೆರೆ. 1984ರ ಐಬಿಎಂ ಪಿಸಿ ಎಟಿಯಲ್ಲಿ ಅಂಥ ಎರಡು ಚಿಪ್ ಸೇರಿಸಿದರು. ಸೇರಿಸಲಿಕ್ಕೇ ಒಂದು ಗೆರೆ ಹೋಯಿತು, ಉಳಿದದ್ದು 15. ಈಗಿನ ಆರ್ಮ್ ಚಿಪ್‌ಗಳಲ್ಲಿ ಜಿಐಸಿ ಎಂಬ ಕಂಟ್ರೋಲರ್ ನೂರಾರು ಗೆರೆಗಳನ್ನು ನೋಡಿಕೊಳ್ಳುತ್ತದೆ.

ಸಿಗ್ನಲ್ ಬಂದ ತಕ್ಷಣ ಪ್ರೊಸೆಸರ್ ಎಲ್ಲಿದ್ದೆ ಅಂತ ಗುರುತಿಟ್ಟುಕೊಂಡು ಕರ್ನಲ್‌ನೊಳಕ್ಕೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನೊಳಕ್ಕೆ, ಜಿಗಿಯುತ್ತದೆ. ಕರ್ನಲ್ ನಿಮ್ಮ ಡ್ರೈವರ್ (ಆ ಡಿವೈಸ್ ನಡೆಸುವ ಕೋಡ್) ಕೊಟ್ಟಿದ್ದ ಫಂಕ್ಷನ್ ಕರೆಯುತ್ತದೆ. ಅದೇ ಹ್ಯಾಂಡ್ಲರ್. ಅದು ಮುಗಿದ ಮೇಲೆ ಹಳೆಯ ಕೆಲಸ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಹೀಗೆ ಹೇಳಿದರೆ ಸಲೀಸು ಅನ್ನಿಸುತ್ತದೆ, ಅಲ್ವಾ? ಎಡ್ಸ್‌ಖರ್ ಡೈಕ್‌ಸ್ಟ್ರಾ ಅವರಿಗೆ ಹಾಗನ್ನಿಸಿರಲಿಲ್ಲ. 1950ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಎಲೆಕ್ಟ್ರೊಲಾಜಿಕಾ ಎಕ್ಸ್1 ಯಂತ್ರಕ್ಕೆ ಇಂಟರಪ್ಟ್ ಹ್ಯಾಂಡ್ಲರ್ ಬರೆದವರು ಅವರು. 1959ರ ಅವರ ಪಿಎಚ್‌ಡಿ ಪ್ರಬಂಧ ಇದರ ಬಗ್ಗೆಯೇ. ಯಾವ ಎರಡು ಇನ್‌ಸ್ಟ್ರಕ್ಷನ್‌ಗಳ ನಡುವೆ ಬೇಕಾದರೂ ಪ್ರೋಗ್ರಾಮ್ ನಿಲ್ಲಬಹುದು ಎಂದಾದ ಮೇಲೆ, ನಿನ್ನೆ ಕಂಡ ತಪ್ಪು ಇವತ್ತು ಮತ್ತೆ ಕಾಣುತ್ತದೆ ಎಂಬ ಭರವಸೆಯೇ ಹೋಯಿತು. ನನ್ನ ಟಚ್ ಬೋರ್ಡ್ ದಿನಕ್ಕೆ ಒಂದೆರಡೇ ಸಲ ಸಾಯುತ್ತಿದ್ದುದೂ ಇದೇ ಕಾರಣಕ್ಕೆ.

ಇಂಟರಪ್ಟ್ ಬಂತು ಅಂದರೆ "ಬಂದು ನೋಡು" ಎಂದಷ್ಟೇ ಅರ್ಥ. ಏನಾಯಿತು, ಎಷ್ಟು ಸಲ ಆಯಿತು, ನಿಜವಾಗಿ ನಿನಗೇ ಸೇರಿದ್ದೋ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ನಾನು ನೋಡಿದ ಇಂಟರಪ್ಟ್ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತು, ಇಂಟರಪ್ಟ್ ಬಂದ ಕೂಡಲೇ ಇಂಥದ್ದೇ ಆಗಿದೆ ಎಂದು ಡ್ರೈವರ್ ನಂಬಿಬಿಟ್ಟದ್ದರಿಂದ ಹುಟ್ಟಿದವು.

ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಗೇಟಿನಲ್ಲಿ ಒಂದೇ ಬೆಲ್, ಒಳಗೆ ನಾಲ್ಕು ಮನೆ. ಬೆಲ್ ಆದರೆ ಪ್ರತಿ ಮನೆಯವರೂ ಕಿಟಕಿಯಿಂದ ಇಣುಕಬೇಕು: ನಮ್ಮವರಾ? ಕಂಪ್ಯೂಟರಿಗೆ ಕಾರ್ಡ್‌ಗಳನ್ನು ಜೋಡಿಸುವ ಪಿಸಿಐ ಬಸ್‌ನ ಹಳೆಯ ಇಂಟರಪ್ಟ್ ಗೆರೆಗಳು ಹೀಗೆಯೇ. ಸೌಂಡ್ ಕಾರ್ಡ್, ಯುಎಸ್‌ಬಿ, ನೆಟ್‌ವರ್ಕ್ ಕಾರ್ಡ್ ಮೂರೂ ಒಂದೇ ಗೆರೆ ಹಂಚಿಕೊಂಡಿರಬಹುದು. ಗೆರೆ ಕೆಳಗಿಳಿದರೆ ಕರ್ನಲ್ ಮೂರೂ ಹ್ಯಾಂಡ್ಲರ್‌ಗಳನ್ನು ಸಾಲಾಗಿ ಕರೆಯುತ್ತದೆ. ಪ್ರತಿಯೊಂದೂ ಮೊದಲು ತನ್ನ ಡಿವೈಸ್‌ನ ಸ್ಟೇಟಸ್ ರಿಜಿಸ್ಟರ್ (ಏನಾಗಿದೆ ಎಂದು ಡಿವೈಸ್ ತೋರಿಸುವ ಜಾಗ) ಓದಬೇಕು. ತನ್ನದಾದರೆ ಕೆಲಸ ಮಾಡಿ "ಹ್ಯಾಂಡಲ್ಡ್" ಎನ್ನಬೇಕು. ಅಲ್ಲದಿದ್ದರೆ ಏನನ್ನೂ ಮುಟ್ಟದೆ "ನನ್" (none, ನನ್ನದಲ್ಲ) ಎಂದು ವಾಪಸ್ ಬರಬೇಕು.

ಈ ಉತ್ತರದಲ್ಲಿ ಸುಳ್ಳು ಹೇಳುವ ಡ್ರೈವರ್‌ಗಳು ಬಹಳ. ಏನೇ ಬರಲಿ "ಹ್ಯಾಂಡಲ್ಡ್" ಎಂದುಬಿಡುವುದು. ಕಾಂಪೈಲ್ ಆಗುತ್ತದೆ, ಓಡುತ್ತದೆ, ರಿವ್ಯೂನಲ್ಲೂ ಪಾಸಾಗುತ್ತದೆ. ಆದರೆ ಕರ್ನಲ್ ಈ ಉತ್ತರವನ್ನು ಲೆಕ್ಕ ಇಡುತ್ತದೆ. ಒಂದು ಗೆರೆಯಲ್ಲಿ 1,00,000 ಇಂಟರಪ್ಟ್ ಬಂದು, ಅದರಲ್ಲಿ 99,900ಕ್ಕಿಂತ ಜಾಸ್ತಿ ಯಾರಿಗೂ ಬೇಡವಾಗಿದ್ದರೆ, ಗೆರೆ ಕೆಟ್ಟಿದೆ ಎಂದು ತೀರ್ಮಾನಿಸಿ ಅದನ್ನೇ ಮುಚ್ಚುತ್ತದೆ. ಲಾಗ್‌ನಲ್ಲಿ "ನೋಬಡಿ ಕೇರ್ಡ್" ಎಂಬ ಸಾಲು ಬರುತ್ತದೆ. ಕರ್ನಲ್‌ನ ಸಂದೇಶಗಳಲ್ಲೆಲ್ಲ ಅದಷ್ಟು ದುಃಖದ್ದು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ನಿಮ್ಮ ಡ್ರೈವರ್ ಸುಳ್ಳು ಹೇಳುತ್ತಿದ್ದರೆ ಈ ಕಾವಲು ಕೆಲಸ ಮಾಡುವುದಿಲ್ಲ. ಗೆರೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿರುತ್ತದೆ, ಒಂದು ಸಿಪಿಯು ಅದರಲ್ಲೇ ಮುಳುಗಿರುತ್ತದೆ, ಲಾಗ್ ಮಾತ್ರ ಶಾಂತವಾಗಿರುತ್ತದೆ.

ಟಿಂಗ್ ಅಂದದ್ದೋ, ಒತ್ತಿ ಹಿಡಿದದ್ದೋ

ಬೆಲ್ ಹೊಡೆಯುವುದರಲ್ಲಿ ಎರಡು ರೀತಿ. ಒಬ್ಬ ಒಂದು ಸಲ ಟಿಂಗ್ ಎನ್ನಿಸಿ ಕೈ ತೆಗೆಯುತ್ತಾನೆ. ಇನ್ನೊಬ್ಬ ಬಾಗಿಲು ತೆಗೆಯುವ ತನಕ ಬೆರಳು ಎತ್ತುವುದಿಲ್ಲ. ಮೊದಲನೆಯದು ಎಡ್ಜ್: ಗೆರೆ ಮೇಲಿಂದ ಕೆಳಕ್ಕೆ ಅಥವಾ ಕೆಳಗಿಂದ ಮೇಲಕ್ಕೆ ಬದಲಾದ ಆ ಕ್ಷಣವನ್ನಷ್ಟೇ ಕಂಟ್ರೋಲರ್ ಗಮನಿಸುತ್ತದೆ. ಎರಡನೆಯದು ಲೆವೆಲ್: ಗೆರೆ ಆ ಮಟ್ಟದಲ್ಲಿ ಇರುವಷ್ಟು ಹೊತ್ತೂ ಇಂಟರಪ್ಟ್ ಇದ್ದ ಹಾಗೆಯೇ.

ನನ್ನ ಟಚ್ ಚಿಪ್ ಎರಡನೇ ಜಾತಿಯದು. ತನ್ನೊಳಗಿನ ಕ್ಯೂನಲ್ಲಿ ಓದದ ಡೇಟಾ ಇರುವ ತನಕ ಗೆರೆಯನ್ನು ಕೆಳಗೆ ಎಳೆದು ಹಿಡಿಯುತ್ತದೆ. ಕ್ಯೂ ಖಾಲಿಯಾದರೆ ಬಿಡುತ್ತದೆ. ಆದರೆ ಬೋರ್ಡಿನ ಡಿವೈಸ್ ಟ್ರೀ ಫೈಲ್‌ನಲ್ಲಿ (ಯಾವ ಚಿಪ್ ಎಲ್ಲಿ, ಹೇಗೆ ಜೋಡಿಸಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ) ಯಾರೋ ಅದನ್ನು ಎಡ್ಜ್ ಎಂದು ಬರೆದಿದ್ದರು. ಇನ್ನು ಮುಂದೆ ಆಗಿದ್ದನ್ನು ನಿಧಾನವಾಗಿ ನೋಡಿ.

ಬೆರಳು ಮುಟ್ಟಿತು. ಗೆರೆ ಕೆಳಗಿಳಿಯಿತು. ಕಂಟ್ರೋಲರ್ ಆ ಇಳಿತ ನೋಡಿತು, ಡ್ರೈವರ್ ಎದ್ದಿತು, ಚಿಪ್‌ನಿಂದ ಒಂದು ಪ್ಯಾಕೆಟ್ ಓದಲು ಶುರುಮಾಡಿತು. ಓದುತ್ತಿರುವಾಗಲೇ ಬೆರಳು ಒಂದಿಷ್ಟು ಸರಿಯಿತು. ಚಿಪ್‌ನ ಕ್ಯೂಗೆ ಎರಡನೇ ಪ್ಯಾಕೆಟ್ ಬಂತು. ಡ್ರೈವರ್ ಮೊದಲನೆಯದನ್ನು ಓದಿ ಮುಗಿಸಿ ಹೋಯಿತು. ಚಿಪ್ ನೋಡುತ್ತದೆ, ಕ್ಯೂನಲ್ಲಿ ಇನ್ನೂ ಒಂದಿದೆ, ಹಾಗಾಗಿ ಗೆರೆ ಬಿಡಲಿಲ್ಲ. ಗೆರೆ ಮೇಲೇಳಲಿಲ್ಲ ಅಂದಮೇಲೆ ಮತ್ತೆ ಇಳಿಯುವುದು ಎಲ್ಲಿಂದ ಬಂತು? ಕಂಟ್ರೋಲರ್ ಹೊಸ ಇಳಿತಕ್ಕೆ ಕಾಯುತ್ತದೆ. ಚಿಪ್ ತನ್ನನ್ನು ಓದಲಿ ಎಂದು ಕಾಯುತ್ತದೆ. ನೀನೇ ಮೊದಲು ಮಾತಾಡು ಎಂದು ಇಬ್ಬರೂ ಮುಖ ತಿರುಗಿಸಿ ಕೂತ ಹಾಗೆ. ಪವರ್ ಆಫ್ ಮಾಡುವ ತನಕ ಹಾಗೇ.

ಆ ಕಿರಿದಾದ ಸಮಯದಲ್ಲೇ ಎರಡನೇ ಪ್ಯಾಕೆಟ್ ಬರಬೇಕು. ಅದಕ್ಕೇ ದಿನಕ್ಕೆ ಒಂದೆರಡೇ ಸಲ.

ಮದ್ದು, ಡಿವೈಸ್ ಟ್ರೀನಲ್ಲಿ ಒಂದು ಅಂಕಿ: 2 ಇದ್ದದ್ದನ್ನು 8 ಮಾಡುವುದು. 2 ಅಂದರೆ ಇಳಿಯುವ ಎಡ್ಜ್, 8 ಅಂದರೆ ಕೆಳಗಿನ ಲೆವೆಲ್. ಲೆವೆಲ್ ಆದರೆ ಡ್ರೈವರ್ ಮುಗಿಸಿ ಹೋದ ಮೇಲೂ ಗೆರೆ ಕೆಳಗೇ ಇದ್ದರೆ ಇಂಟರಪ್ಟ್ ತಾನಾಗಿ ಮತ್ತೆ ಬರುತ್ತದೆ. ಮರೆತರೂ ಅದು ಮರೆಯಲು ಬಿಡುವುದಿಲ್ಲ.

ಎಲ್ಲ ಕಡೆ ಲೆವೆಲ್ ಸಿಗುವುದಿಲ್ಲ. ಕೆಲವು ಕಂಟ್ರೋಲರ್‌ಗಳಿಗೆ ಎಡ್ಜ್ ಮಾತ್ರ ಗೊತ್ತು. ಆಗ ಡ್ರೈವರ್ ಕ್ಯೂ ಖಾಲಿಯಾಯಿತೇ ಎಂದು ಕೇಳಿ ಕೇಳಿ ಖಾಲಿಯಾದ ಮೇಲೇ ಹೊರಬರಬೇಕು. ಹಳೆಯ ಪಿಸಿಯ ಸೀರಿಯಲ್ ಪೋರ್ಟ್ ಡ್ರೈವರ್ ಇದಕ್ಕೆ ಒಳ್ಳೆಯ ಮಾದರಿ. ಕಾಮ್1 ಮತ್ತು ಕಾಮ್3 ಎರಡೂ 4ನೇ ಗೆರೆ ಹಂಚಿಕೊಂಡವು, ಅದೂ ಎಡ್ಜ್. ಒಂದು ಪೋರ್ಟ್ ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು ಕರೆದಿರಬಹುದು. ಅದಕ್ಕೇ ಲಿನಕ್ಸ್‌ನ 8250 ಡ್ರೈವರ್ ಎಲ್ಲ ಪೋರ್ಟ್‌ಗಳನ್ನೂ ಸುತ್ತುತ್ತಲೇ ಇರುತ್ತದೆ. ಒಂದು ಪೂರ್ತಿ ಸುತ್ತಿನಲ್ಲಿ ಯಾರೂ ಕರೆಯದಿದ್ದಾಗ ಮಾತ್ರ ಬಿಡುತ್ತದೆ. ಜೊತೆಗೆ ಒಂದು ಮಿತಿಯೂ ಇದೆ, 512 ಸುತ್ತು. ಡಿವೈಸೇ ಕೆಟ್ಟು ಸದಾ "ಇದೆ, ಇದೆ" ಎನ್ನುತ್ತಿದ್ದರೆ ಕರ್ನಲ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಾರದಲ್ಲ. ಖಾಲಿಯಾಗುವ ತನಕ ಸುತ್ತುವುದು ಎಷ್ಟು ಮುಖ್ಯವೋ ಈ ಮಿತಿಯೂ ಅಷ್ಟೇ ಮುಖ್ಯ.

ಈಗಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳಲ್ಲಿ ಗೆರೆಯೇ ಇಲ್ಲ. ಇಂಟರಪ್ಟ್ ಎಂದರೆ ಒಂದು ಗೊತ್ತಾದ ಮೆಮೊರಿ ವಿಳಾಸಕ್ಕೆ ಕಾರ್ಡ್ ಬರೆಯುವ ಒಂದು ಸಂದೇಶ. ಇದಕ್ಕೆ ಎಂಎಸ್‌ಐ ಎನ್ನುತ್ತಾರೆ. ಹಂಚಿಕೊಳ್ಳುವ ಗೋಳು ತಪ್ಪಿತು. ಎಂಎಸ್‌ಐನಲ್ಲಿ ಒಂದು ಕಾರ್ಡ್‌ಗೆ 32 ಇಂಟರಪ್ಟ್ ತನಕ, ಅದರ ಮುಂದಿನ ರೂಪವಾದ ಎಂಎಸ್‌ಐ-ಎಕ್ಸ್‌ನಲ್ಲಿ 2048 ತನಕ ಸಿಗುತ್ತವೆ. ಇನ್ನೊಂದು ಲಾಭ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕಾರ್ಡ್ ಮೊದಲು ಡೇಟಾವನ್ನು ಮೆಮೊರಿಗೆ ಬರೆದು ಆಮೇಲೆ ಇಂಟರಪ್ಟ್ ಸಂದೇಶ ಬರೆದರೆ, ಎರಡೂ ಒಂದೇ ದಾರಿಯಲ್ಲಿ ಸಾಲಾಗಿ ಬರುತ್ತವೆ. ಗೆರೆಯ ಕಾಲದಲ್ಲಿ ಹಾಗಲ್ಲ. ಗೆರೆ ಬೇರೆ ದಾರಿ, ಡೇಟಾ ಬೇರೆ ದಾರಿ. ಬೆಲ್ ಮೊದಲು ಕೇಳಿ, ಸಾಮಾನು ಇನ್ನೂ ಬೀದಿಯಲ್ಲೇ ಇರಬಹುದಿತ್ತು. ಆಗ ಕಾರ್ಡಿನ ಒಂದು ರಿಜಿಸ್ಟರ್ ಓದಿದರೆ, ಆ ಓದಿನ ಉತ್ತರ ಹಿಂದಿನ ಡೇಟಾವನ್ನೆಲ್ಲ ಮುಂದೆ ತಳ್ಳಿಕೊಂಡು ಬರುತ್ತಿತ್ತು. ಆದರೆ ಎಂಎಸ್‌ಐ ನಡೆದುಕೊಳ್ಳುವುದು ಎಡ್ಜ್‌ನಂತೆ ಎಂಬುದನ್ನು ಮರೆಯಬೇಡಿ. ಒಮ್ಮೆ ಹೇಳಿತು, ಮುಗಿಯಿತು.

ಮೊದಲು ಒರೆಸಿ, ಆಮೇಲೆ ಕೆಲಸ

ಹ್ಯಾಂಡ್ಲರ್‌ನೊಳಗೆ ಸಾಲುಗಳ ಕ್ರಮ ಬಹಳ ಮುಖ್ಯ. ಸಾಮಾನ್ಯವಾಗಿ ಡಿವೈಸ್‌ನಲ್ಲಿ ಒಂದು ಸ್ಟೇಟಸ್ ರಿಜಿಸ್ಟರ್ ಇರುತ್ತದೆ. ಒಂದೊಂದು ಬಿಟ್ ಒಂದೊಂದು ಕಾರಣ. ಬಿಟ್ ಅಳಿಸಲು ಅದೇ ಬಿಟ್‌ಗೆ 1 ಬರೆಯಬೇಕು.

ಡೇಟಾ ಪೂರ್ತಿ ಓದಿ, ಆಮೇಲೆ ಬಿಟ್ ಅಳಿಸಿದಿರಿ ಅನ್ನಿ. ನಿಮ್ಮ ಕೊನೆಯ ಓದಿಗೂ ಅಳಿಸುವುದಕ್ಕೂ ನಡುವೆ ಇನ್ನೊಂದು ಡೇಟಾ ಬಂದರೆ? ಡಿವೈಸ್ ಬಿಟ್ ಎತ್ತಿತ್ತು, ನೀವು ಅದನ್ನೂ ಒರೆಸಿಹಾಕಿದಿರಿ. ಆ ಡೇಟಾ ಅಲ್ಲೇ ಕೂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ತಿರುಗಿಸಿ ಮಾಡಿ: ಮೊದಲು ಅಳಿಸಿ, ಆಮೇಲೆ ಓದಿ. ನಡುವೆ ಬಂದರೂ ಬಿಟ್ ಮತ್ತೆ ಏಳುತ್ತದೆ, ಹ್ಯಾಂಡ್ಲರ್ ಇನ್ನೊಂದು ಸಲ ಬರುತ್ತದೆ. ಹೆಚ್ಚೆಂದರೆ ಸುಮ್ನೆ ಒಂದು ಸಲ ಬಂದು "ಏನೂ ಇಲ್ಲ" ಎಂದು ಹೋಗುತ್ತದೆ. ಆ ನಷ್ಟ ಏನೇನೂ ಅಲ್ಲ. ಎಲ್ಲ ಡಿವೈಸ್‌ಗಳೂ ಹೀಗಿರುವುದಿಲ್ಲ. ಕೆಲವಕ್ಕೆ ಡೇಟಾ ಓದುವುದೇ ಅಳಿಸುವುದು. ಡೇಟಾಶೀಟ್‌ನ ಆ ಒಂದು ಪ್ಯಾರಾ ಓದದೆ ಹ್ಯಾಂಡ್ಲರ್ ಬರೆಯಲು ಕೂರಬಾರದು.

ಅಳಿಸುವಾಗ ಇನ್ನೊಂದು ಹಳ್ಳ ಇದೆ. ಎಲ್ಲ ಬಿಟ್‌ಗೂ 1 ಬರೆದು ಒಂದೇ ಏಟಿಗೆ ಸ್ವಚ್ಛ ಮಾಡುವುದು ಕೆಲವರಿಗೆ ಅಭ್ಯಾಸ. ನೀವು ಸ್ಟೇಟಸ್ ಓದಿದ ಮೇಲೆ ಎದ್ದ ಬಿಟ್‌ಗಳೂ ಅದರಲ್ಲಿ ಹೋಗುತ್ತವೆ. ಓದಿದ್ದಷ್ಟನ್ನೇ ವಾಪಸ್ ಬರೆಯಿರಿ. ಇದಕ್ಕಿಂತ ಮೋಸದ್ದು, ರಿಜಿಸ್ಟರ್ ಓದಿ, ಅದಕ್ಕೆ ಒಂದು ಬಿಟ್ ಸೇರಿಸಿ, ತಿರುಗಿ ಬರೆಯುವುದು. ಬೇರೆ ರಿಜಿಸ್ಟರ್‌ಗಳಲ್ಲಿ ಇದು ಸರಿಯಾದ ಪದ್ಧತಿ, ಹಾಗಾಗಿ ಕೈ ತಾನಾಗಿ ಹಾಗೆ ಬರೆಯುತ್ತದೆ. ಇಲ್ಲಿ ಮಾತ್ರ, ಒಂದು ಬಿಟ್ ಅಳಿಸಲು ಹೋಗಿ ಎದ್ದಿದ್ದ ಎಲ್ಲವನ್ನೂ ಅಳಿಸುತ್ತೀರಿ.

ಪಿಸಿಐನಲ್ಲಿ ಬರೆದದ್ದು ತಕ್ಷಣ ತಲುಪುವುದಿಲ್ಲ ಎಂಬುದೂ ಇದೆ. ಪ್ರೊಸೆಸರ್ ಬರೆದು ಮುಂದೆ ಹೋಗುತ್ತದೆ, ಬರಹ ನಡುವಿನ ಸೇತುವೆಗಳಲ್ಲಿ ಕಾಯುತ್ತಿರುತ್ತದೆ. ಲೆವೆಲ್ ಇಂಟರಪ್ಟ್ ಆದರೆ, ಅಳಿಸುವ ಬರಹ ಡಿವೈಸ್ ತಲುಪುವ ಮೊದಲೇ ಹ್ಯಾಂಡ್ಲರ್ ಮುಗಿದು, ಗೆರೆ ಇನ್ನೂ ಕೆಳಗಿದೆ ಎಂದು ಅದೇ ಇಂಟರಪ್ಟ್ ಮತ್ತೆ ಬರುತ್ತದೆ. ಬರೆದ ಮೇಲೆ ಅದೇ ಡಿವೈಸ್‌ನಿಂದ ಏನಾದರೂ ಓದಿದರೆ ಬರಹ ತಲುಪಿಯೇ ಉತ್ತರ ಬರುತ್ತದೆ. ಆ ಓದು ನಿಧಾನ, ಹಾಗಾಗಿ ಬೇಕಾದಲ್ಲಿ ಮಾತ್ರ ಮಾಡುವುದು.

ನಿದ್ದೆ ಮಾಡಬಾರದ ಜಾಗ

ಹ್ಯಾಂಡ್ಲರ್ ಓಡುವಾಗ ಅದಕ್ಕೆ ತನ್ನದೇ ಪ್ರೊಸೆಸ್ ಇಲ್ಲ. ಯಾರದೋ ಕೆಲಸದ ನಡುವೆ ನುಗ್ಗಿ ಅವರ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಅಲ್ಲಿ ನಿದ್ದೆ ಮಾಡುವ ಹಾಗಿಲ್ಲ. ನಿದ್ದೆ ಎಂದರೆ ಮ್ಯೂಟೆಕ್ಸ್ ಎಂಬ ಲಾಕ್‌ಗೆ ಕಾಯುವುದು, ಸಾಮಾನ್ಯ ರೀತಿಯಲ್ಲಿ ಮೆಮೊರಿ ಕೇಳುವುದು, ಯೂಸರ್ ಮೆಮೊರಿ ಮುಟ್ಟುವುದು, ಇವೆಲ್ಲ. ಮೆಮೊರಿ ಬೇಕೇ ಬೇಕೆಂದರೆ ಅಟಾಮಿಕ್, ಅಂದರೆ ಕಾಯಲಾರೆ, ಎಂದು ಹೇಳಿ ಕೇಳಬೇಕು, ಸಿಗದೆಯೂ ಹೋಗಬಹುದು ಎಂದು ತಯಾರಿರಬೇಕು. ತಪ್ಪಿದರೆ ಕರ್ನಲ್ "ಷೆಡ್ಯೂಲಿಂಗ್ ವೈಲ್ ಅಟಾಮಿಕ್" ಎಂದು ಕಿರುಚುತ್ತದೆ.

ಮಾತ್ರವಲ್ಲ, ಈ ಹೊತ್ತಿನಲ್ಲಿ ಆ ಸಿಪಿಯುನ ಬೇರೆ ಇಂಟರಪ್ಟ್‌ಗಳೂ ಬಾಗಿಲಾಚೆ ಕಾಯುತ್ತಿರುತ್ತವೆ. ಎಷ್ಟು ಹೊತ್ತು ಕಾಯಿಸಬಹುದು? ಒಂದು ಲೆಕ್ಕ ಹಾಕೋಣ. ಸೀರಿಯಲ್ ಪೋರ್ಟ್ 1,15,200 ಬಾಡ್‌ನಲ್ಲಿ ಓಡುತ್ತಿದೆ. ಒಂದು ಬೈಟ್‌ಗೆ 10 ಬಿಟ್ ಎಂದರೆ ಸೆಕೆಂಡಿಗೆ 11,520 ಬೈಟ್, ಒಂದಕ್ಕೆ ಸುಮಾರು 87 ಮೈಕ್ರೋಸೆಕೆಂಡ್. 16550 ಚಿಪ್‌ನಲ್ಲಿ 16 ಬೈಟ್‌ಗಳ ಬಫರ್ ಇದೆ. 14 ತುಂಬಿದಾಗ ಕರೆ ಎಂದು ಹೇಳಿಟ್ಟರೆ ಉಳಿಯುವುದು ಎರಡೇ ಬೈಟ್ ಜಾಗ. ಹೆಚ್ಚುಕಡಿಮೆ 170 ಮೈಕ್ರೋಸೆಕೆಂಡ್‌ನಲ್ಲಿ ಬಾರದಿದ್ದರೆ ಬಫರ್ ತುಂಬಿ, ಮುಂದಿನದಕ್ಕೆ ಜಾಗವಿಲ್ಲ. 8ಕ್ಕೇ ಕರೆ ಎಂದರೆ ಸುಮಾರು 690 ಸಿಗುತ್ತದೆ, ಇಂಟರಪ್ಟ್ ಜಾಸ್ತಿ ಬರುತ್ತವೆ.

ಇದೇ ಲೆಕ್ಕ ಇನ್ನೊಂದು ಕಡೆಗೂ ಹಾಕಿ. ಡೀಬಗ್ ಮಾಡಲೆಂದು ಹ್ಯಾಂಡ್ಲರ್‌ನೊಳಗೆ ಒಂದು ಪ್ರಿಂಟ್ ಸಾಲು ಹಾಕುತ್ತೀರಿ. ಅದು ಸೀರಿಯಲ್ ಕನ್ಸೋಲ್‌ಗೆ ಹೋಗುತ್ತದೆ. 80 ಅಕ್ಷರಕ್ಕೆ ಸುಮಾರು 7 ಮಿಲಿಸೆಕೆಂಡ್! ತಪ್ಪು ಹುಡುಕಲು ಹಾಕಿದ ಸಾಲೇ ಹೊಸ ತಪ್ಪು ಹುಟ್ಟಿಸುತ್ತದೆ, ಇಲ್ಲವೇ ಹಳೆಯದು ಮಾಯವಾಗುತ್ತದೆ. ಮೆಮೊರಿಯಲ್ಲೇ ಬರೆದಿಡುವ ಟ್ರೇಸ್ ಬಫರ್ ಇರುವುದೇ ಇದಕ್ಕೆ. ಈ ಪಾಠ ಕಲಿಯಲು ನನಗೆ ಒಂದು ವಾರಾಂತ್ಯ ಹಿಡಿಯಿತು.

ಹಾಗಾಗಿ ಕೆಲಸವನ್ನು ಎರಡಾಗಿ ಒಡೆಯುತ್ತಾರೆ. ಮೇಲಿನ ಅರ್ಧ ಅವಸರದ್ದು: ನನ್ನದಾ ನೋಡು, ಒರೆಸು, ಹೊರಡು. ಕೆಳಗಿನ ಅರ್ಧ ನಿಧಾನದ್ದು. ಲಿನಕ್ಸ್‌ನಲ್ಲಿ ಕೆಳಗಿನ ಅರ್ಧಕ್ಕೆ ಸಾಫ್ಟ್‌ಐಆರ್‌ಕ್ಯೂ, ಟಾಸ್ಕ್‌ಲೆಟ್, ವರ್ಕ್‌ಕ್ಯೂ ಎಂದೆಲ್ಲ ದಾರಿಗಳಿವೆ. ಹೊಸ ಡ್ರೈವರ್ ಬರೆಯುವವರಿಗೆ ನನ್ನ ಸಲಹೆ ಥ್ರೆಡೆಡ್ ಐಆರ್‌ಕ್ಯೂ (ಐಆರ್‌ಕ್ಯೂ ಅಂದರೆ ಇಂಟರಪ್ಟ್ ಕೋರಿಕೆ). 2009ರಲ್ಲಿ 2.6.30 ಕರ್ನಲ್‌ನಲ್ಲಿ ಬಂದದ್ದು, ಥಾಮಸ್ ಗ್ಲೈಕ್ಸ್‌ನರ್ ಅವರ ಕೆಲಸ. ನಿಮ್ಮ ಹ್ಯಾಂಡ್ಲರ್‌ಗೆ ಅದರದೇ ಒಂದು ಕರ್ನಲ್ ಥ್ರೆಡ್ ಸಿಗುತ್ತದೆ. ಅಲ್ಲಿ ನಿದ್ದೆ ಮಾಡಬಹುದು.

ನನ್ನ ಟಚ್ ಚಿಪ್‌ಗೆ ಇದು ಅನಿವಾರ್ಯವೇ ಆಗಿತ್ತು. ಚಿಪ್ ಇರುವುದು ಐಟುಸಿ ಎಂಬ ಎರಡು ತಂತಿಯ ನಿಧಾನದ ಬಸ್ ಮೇಲೆ, 400 ಕಿಲೋಹರ್ಟ್ಸ್. ಒಂದು ಬೈಟ್‌ಗೆ 9 ಗಡಿಯಾರ ಬಡಿತ, ಅಂದರೆ 22.5 ಮೈಕ್ರೋಸೆಕೆಂಡ್. ವಿಳಾಸ, ರಿಜಿಸ್ಟರ್ ನಂಬರ್ ಎಲ್ಲ ಸೇರಿ ಹತ್ತು ಬೈಟ್ ಓಡಾಡಿದರೆ 225. ಐಟುಸಿ ಡ್ರೈವರ್ ಅಷ್ಟು ಹೊತ್ತು ನಿದ್ದೆ ಮಾಡಿ ಕಾಯುತ್ತದೆ. ಹಾಗಾಗಿ ಅವಸರದ ಹ್ಯಾಂಡ್ಲರ್ ಒಳಗೆ ಈ ಚಿಪ್‌ನ ಸ್ಟೇಟಸ್ ಕೇಳಲಿಕ್ಕೂ ಆಗುವುದಿಲ್ಲ.

ಇಲ್ಲೊಂದು ಸಿಕ್ಕು ಬಂತು, ಗಮನಿಸಿದಿರಾ? ಗೆರೆ ಲೆವೆಲ್. ಅವಸರದ ಅರ್ಧ "ಥ್ರೆಡ್ ಎಬ್ಬಿಸು" ಎಂದು ಹೇಳಿ ಹೊರಟಿತು. ಚಿಪ್ ಅನ್ನು ಯಾರೂ ಇನ್ನೂ ಓದಿಲ್ಲ, ಗೆರೆ ಕೆಳಗೇ ಇದೆ. ಮರುಕ್ಷಣ ಅದೇ ಇಂಟರಪ್ಟ್. ಮತ್ತೆ, ಮತ್ತೆ. ಥ್ರೆಡ್‌ಗೆ ಓಡಲು ಸಮಯವೇ ಸಿಗುವುದಿಲ್ಲ. ಇದಕ್ಕೇ ಒನ್‌ಶಾಟ್ ಎಂಬ ಫ್ಲ್ಯಾಗ್. ಥ್ರೆಡ್ ಮುಗಿಯುವ ತನಕ ಆ ಗೆರೆಯನ್ನು ಮುಚ್ಚಿಡು, ಮುಗಿದ ಮೇಲೆ ತೆರೆ, ಎಂದು ಅದರ ಅರ್ಥ. ಅವಸರದ ಅರ್ಧ ಕೊಡದೆ ಥ್ರೆಡ್ ಮಾತ್ರ ಕೊಟ್ಟು, ಈ ಫ್ಲ್ಯಾಗ್ ಹಾಕದಿದ್ದರೆ ಈಗಿನ ಕರ್ನಲ್ ಸಾಮಾನ್ಯವಾಗಿ ನಿಮ್ಮ ಕೋರಿಕೆಯನ್ನೇ ತಿರಸ್ಕರಿಸುತ್ತದೆ.

ಲಾಕ್‌ಗಳ ಬಗ್ಗೆ ಒಂದು ಮಾತು. ನಿಮ್ಮ ಡ್ರೈವರ್‌ನ ಸಾಮಾನ್ಯ ಕೋಡ್ ಒಂದು ಸ್ಪಿನ್‌ಲಾಕ್ (ಸಿಗುವ ತನಕ ಮಲಗದೆ ಸುತ್ತುತ್ತಾ ಕಾಯುವ ಲಾಕ್) ಹಿಡಿದಿದೆ. ಅದೇ ಸಿಪಿಯು ಮೇಲೆ ಇಂಟರಪ್ಟ್ ಬಂತು. ಹ್ಯಾಂಡ್ಲರ್‌ಗೂ ಅದೇ ಲಾಕ್ ಬೇಕು. ಅದು ಕಾಯುತ್ತಾ ಸುತ್ತುತ್ತದೆ. ಲಾಕ್ ಬಿಡಬೇಕಾದವನು ಅದರ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಅಲ್ಲಿಗೆ ಮುಗಿಯಿತು. ಆದ್ದರಿಂದ ಸಾಮಾನ್ಯ ಕೋಡ್ ಆ ಲಾಕ್ ಹಿಡಿಯುವಾಗ ಇಂಟರಪ್ಟ್ ಮುಚ್ಚಿ ಹಿಡಿಯಬೇಕು. ಹಿಂದಿನ ಸ್ಥಿತಿ ನೆನಪಿಟ್ಟುಕೊಂಡು ತಿರುಗಿ ಹಾಗೇ ಇಡುವ ಐಆರ್‌ಕ್ಯೂ-ಸೇವ್ ರೂಪ ಇರುವುದು ಇದಕ್ಕೇ. ಎಂಟು ಕೋರ್ ಇರುವ ಯಂತ್ರದಲ್ಲಿ ಇಂಟರಪ್ಟ್ ಬೇರೆ ಕೋರ್‌ಗೆ ಹೋಗುತ್ತಿದ್ದರೆ ಈ ತಪ್ಪು ತಿಂಗಳುಗಟ್ಟಲೆ ಅಡಗಿರಬಹುದು. ಲಾಕ್ ತಪ್ಪುಗಳನ್ನು ಹುಡುಕುವ ಲಾಕ್‌ಡೆಪ್ ಆನ್ ಮಾಡಿ ಓಡಿಸಿ. ನಿಜವಾಗಿ ಸಿಕ್ಕಿಬೀಳುವ ಮೊದಲೇ ಅದು ಹೇಳಿಬಿಡುತ್ತದೆ. 2024ರಲ್ಲಿ 6.12 ಕರ್ನಲ್‌ಗೆ ರಿಯಲ್-ಟೈಮ್ ಬೆಂಬಲ ಪೂರ್ತಿಯಾಗಿ ಸೇರಿದ ಮೇಲೆ, ಆ ಆಯ್ಕೆ ಹಾಕಿದ ಕರ್ನಲ್‌ನಲ್ಲಿ ಬಹುತೇಕ ಹ್ಯಾಂಡ್ಲರ್‌ಗಳು ಥ್ರೆಡ್‌ನಲ್ಲೇ ಓಡುತ್ತವೆ, ಸಾಮಾನ್ಯ ಸ್ಪಿನ್‌ಲಾಕ್ ಕೂಡ ನಿದ್ದೆ ಮಾಡುತ್ತದೆ. ಅದು ಬೇರೆಯದೇ ಕತೆ.

ಬೆಲ್ಲೇ ಕೆಲಸವಾದಾಗ

10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್‌ಗೆ ಅತಿ ಚಿಕ್ಕ ಪ್ಯಾಕೆಟ್‌ಗಳು ತುಂಬಿ ಬಂದರೆ ಸೆಕೆಂಡಿಗೆ ಸುಮಾರು 1.48 ಕೋಟಿ. ಒಂದೊಂದಕ್ಕೂ ಬೆಲ್ ಹೊಡೆದರೆ ಪ್ರೊಸೆಸರ್ ಬಾಗಿಲು ತೆಗೆಯುವುದರಲ್ಲೇ ಸುಸ್ತು. ಬಂದ ಪ್ಯಾಕೆಟ್ ನೋಡಲು ಪುರುಸೊತ್ತಿಲ್ಲದೆ ಎಸೆಯುತ್ತದೆ. ಯಂತ್ರ ಪೂರ್ತಿ ಓಡುತ್ತಿದೆ, ಆಗುತ್ತಿರುವ ಕೆಲಸ ಸೊನ್ನೆ. ಇದಕ್ಕೆ ರಿಸೀವ್ ಲೈವ್‌ಲಾಕ್ ಎನ್ನುತ್ತಾರೆ. ಇದನ್ನು ಅಳೆದು, ಪರಿಹಾರ ತೋರಿಸಿದ ಹೆಸರಾಂತ ಪ್ರಬಂಧ 1996ರದು, ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ ಬರೆದದ್ದು. ರಾಮಕೃಷ್ಣನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು.

ಲಿನಕ್ಸ್‌ನಲ್ಲಿ ಇದೇ ದಾರಿಯ ಪರಿಹಾರ ನಾಪಿ. ಮೊದಲ ಪ್ಯಾಕೆಟ್‌ಗೆ ಬೆಲ್. ಹ್ಯಾಂಡ್ಲರ್ ಬೆಲ್ಲಿನ ತಂತಿಯನ್ನೇ ಕಿತ್ತಿಟ್ಟು, "ನಾನೇ ಬಂದು ನೋಡುತ್ತಿರುತ್ತೇನೆ" ಎನ್ನುತ್ತದೆ. ಒಂದು ಸರದಿಗೆ ಸಾಮಾನ್ಯವಾಗಿ 64 ಪ್ಯಾಕೆಟ್. ಅಷ್ಟಕ್ಕಿಂತ ಕಡಿಮೆ ಸಿಕ್ಕರೆ ಮಾತ್ರ ಬೆಲ್ ಮತ್ತೆ ಜೋಡಿಸುತ್ತದೆ. ಜೋಡಿಸುವ ಆ ಕ್ಷಣದಲ್ಲಿ ಒಂದು ಪ್ಯಾಕೆಟ್ ನುಸುಳಿದರೆ ಏನು ಗತಿ? ನನ್ನ ಟಚ್ ಚಿಪ್‌ನದೇ ಪ್ರಶ್ನೆ, ವೇಷ ಬೇರೆ. ಕಾರ್ಡ್ ತಾನಾಗಿ ಮತ್ತೆ ಕರೆಯುವಂಥದ್ದಲ್ಲದಿದ್ದರೆ, ಜೋಡಿಸಿದ ಮೇಲೆ ಡ್ರೈವರ್ ಇನ್ನೊಮ್ಮೆ ಇಣುಕಿ ನೋಡಬೇಕು.

ಪರದೆ ಆರಿದ ಮೇಲೆ

2 ಅನ್ನು 8 ಮಾಡಿದೆ ಅಂದೆನಲ್ಲ. ಬೋರ್ಡ್ ಎರಡು ದಿನ ಚೆನ್ನಾಗಿ ಓಡಿತು. ಮೂರನೇ ದಿನ ಹೊಸ ದೂರು: ಪರದೆ ಆರಿ ಸ್ವಲ್ಪ ಹೊತ್ತಾದ ಮೇಲೆ ಎಬ್ಬಿಸಿದರೆ ಟಚ್ ಇಲ್ಲ. ಬೇಗ ಎಬ್ಬಿಸಿದರೆ ಇದೆ. ಈ ಸಲ ಲಾಗ್‌ನಲ್ಲಿ ಆ ದುಃಖದ ಸಾಲು ಇತ್ತು. ನೋಬಡಿ ಕೇರ್ಡ್.

ಪರದೆ ಆರಿಸುವಾಗ ಡ್ರೈವರ್ ಟಚ್ ಚಿಪ್‌ನ ಕರೆಂಟನ್ನೂ ತೆಗೆಯುತ್ತಿತ್ತು. ಸರ್ಕಿಟ್ ಚಿತ್ರ ತೆಗೆದು ನೋಡಿದೆ. ಇಂಟರಪ್ಟ್ ಗೆರೆಯನ್ನು ಮೇಲೆ ಹಿಡಿದಿಡುವ ರೆಸಿಸ್ಟರ್ ಜೋಡಿಸಿದ್ದು ಚಿಪ್‌ನ ಅದೇ ಕರೆಂಟಿಗೆ. ಕರೆಂಟ್ ಹೋಯಿತು, ಗೆರೆ ಕೆಳಗೆ ಬಿತ್ತು. ಕೆಳಗಿದ್ದರೆ ಇಂಟರಪ್ಟ್ ಎಂದು ನಾನೇ ಹೇಳಿದ್ದೆ. ಥ್ರೆಡ್ ಏಳುತ್ತದೆ, ಸತ್ತ ಚಿಪ್ ಅನ್ನು ಐಟುಸಿಯಲ್ಲಿ ಕರೆಯುತ್ತದೆ, ಉತ್ತರವಿಲ್ಲ, "ನನ್" ಎಂದು ಮಲಗುತ್ತದೆ. ತಕ್ಷಣ ಮತ್ತೆ ಏಳುತ್ತದೆ. ಲಕ್ಷ ಸಲ ಹೀಗಾಗಲು ಸ್ವಲ್ಪ ಸಮಯ ಬೇಕು, ಅದಕ್ಕೇ ಬೇಗ ಎಬ್ಬಿಸಿದರೆ ಸರಿಯಿರುತ್ತಿತ್ತು. ಲಕ್ಷ ತುಂಬಿದ ಮೇಲೆ ಕರ್ನಲ್ ಗೆರೆ ಮುಚ್ಚಿತು. ಮೊದಲೂ ಈ ತಪ್ಪು ಅಲ್ಲೇ ಇತ್ತು. ಎಡ್ಜ್ ಇದ್ದಾಗ ಕರೆಂಟ್ ಹೋದ ಕ್ಷಣಕ್ಕೆ ಒಂದೇ ಒಂದು ಇಂಟರಪ್ಟ್ ಬಂದು ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ತಪ್ಪು ಇನ್ನೊಂದನ್ನು ಸೆರಗಿನಲ್ಲಿ ಮುಚ್ಚಿಟ್ಟಿತ್ತು.

ಬರುವಾಗ ಹೋಗುವಾಗ ಇರಬೇಕಾದ ಕ್ರಮ ಇಲ್ಲಿ ತಪ್ಪಿತ್ತು. ಬರುವಾಗ ಲಾಕ್, ಮೆಮೊರಿ, ಕ್ಲಾಕ್, ಕರೆಂಟ್ ಎಲ್ಲ ಸಿದ್ಧವಾದ ಮೇಲೇ ಇಂಟರಪ್ಟ್ ಕೇಳಬೇಕು. ಕೇಳಿದ ಮರುಕ್ಷಣವೇ ಅದು ಬರಬಹುದು. ಹೋಗುವಾಗ ಉಲ್ಟಾ: ಮೊದಲು ಡಿವೈಸ್‌ಗೆ ಸುಮ್ಮನಿರು ಎನ್ನಬೇಕು, ಇಂಟರಪ್ಟ್ ಬಿಡಬೇಕು, ಆಮೇಲೆ ಉಳಿದದ್ದು ತೆಗೆಯಬೇಕು. ತಾನಾಗಿ ಬಿಡುಗಡೆ ಮಾಡುವ ಡೆವ್‌ಎಂ ಫಂಕ್ಷನ್‌ಗಳು ಇಲ್ಲಿ ಕೈಕೊಡುತ್ತವೆ. ಇಂಟರಪ್ಟ್ ಅನ್ನು ಡೆವ್‌ಎಂ ಮೂಲಕ ಕೇಳಿ, ಕ್ಲಾಕ್ ಮಾತ್ರ ರಿಮೂವ್ ಫಂಕ್ಷನ್‌ನಲ್ಲಿ ಕೈಯಾರೆ ನಿಲ್ಲಿಸಿದರೆ, ಕ್ಲಾಕ್ ಮೊದಲು ಹೋಗುತ್ತದೆ, ಇಂಟರಪ್ಟ್ ಆಮೇಲೆ. ಆ ನಡುವೆ ಬಂದ ಹ್ಯಾಂಡ್ಲರ್ ಕ್ಲಾಕ್ ಇಲ್ಲದ ರಿಜಿಸ್ಟರ್ ಮುಟ್ಟಿದರೆ ಅನೇಕ ಚಿಪ್‌ಗಳಲ್ಲಿ ಯಂತ್ರವೇ ನಿಂತುಬಿಡುತ್ತದೆ. ಹಂಚಿಕೊಂಡ ಗೆರೆಗಳಿಗೆ ಡಿಬಗ್-ಷೇರ್ಡ್-ಐಆರ್‌ಕ್ಯೂ ಎಂಬ ಕಾನ್ಫಿಗ್ ಇದೆ. ಅದು ಬೇಕೆಂದೇ, ಬಿಡುಗಡೆಯಾಗುವ ಹೊತ್ತಿನಲ್ಲಿ ನಿಮ್ಮ ಹ್ಯಾಂಡ್ಲರ್ ಅನ್ನು ಒಂದು ಸಲ ಕರೆದು ನೋಡುತ್ತದೆ. ಕಿತ್ತುಹೋದ ಪಿಸಿಐ ಕಾರ್ಡ್ ಓದಿದರೆ ಎಲ್ಲ ಬಿಟ್‌ಗಳೂ 1 ಬರುತ್ತವೆ ಎಂಬುದನ್ನೂ ನೆನಪಿಡಿ. ಎಲ್ಲ ಇಂಟರಪ್ಟ್‌ಗಳೂ ಒಟ್ಟಿಗೆ ಬಂದಿವೆ ಎಂದು ನಂಬಿ ಸುತ್ತುತ್ತಾ ಕೂತ ಡ್ರೈವರ್‌ಗಳನ್ನು ನಾನು ಕಂಡಿದ್ದೇನೆ.

ಟಚ್ ಡ್ರೈವರ್‌ಗೆ ಎರಡು ಸಾಲು ಸೇರಿಸಿದೆ. ಕರೆಂಟ್ ತೆಗೆಯುವ ಮೊದಲು ಇಂಟರಪ್ಟ್ ನಿಲ್ಲಿಸುವ ಡಿಸೇಬಲ್ ಕರೆ, ಕರೆಂಟ್ ಬಂದು ಚಿಪ್ ಎದ್ದ ಮೇಲೆ ಎನೇಬಲ್ ಕರೆ. ಡಿಸೇಬಲ್ ಕರೆ ಬರೀ ಗೆರೆ ಮುಚ್ಚುವುದಿಲ್ಲ. ಓಡುತ್ತಿರುವ ಹ್ಯಾಂಡ್ಲರ್, ಅದರ ಥ್ರೆಡ್ ಮುಗಿಯುವ ತನಕ ಕಾಯುತ್ತದೆ. ಅದಕ್ಕೇ ಅದನ್ನು ಹ್ಯಾಂಡ್ಲರ್‌ನ ಒಳಗಿನಿಂದಲೇ ಕರೆಯಬಾರದು, ತನಗೆ ತಾನೇ ಕಾಯುತ್ತಾ ಕೂರುತ್ತದೆ. ಹ್ಯಾಂಡ್ಲರ್‌ಗೆ ಬೇಕಾದ ಲಾಕ್ ಹಿಡಿದುಕೊಂಡೂ ಕರೆಯಬಾರದು. ನಾನು ಮೊದಲ ಸಲ ಎರಡನೆಯದನ್ನೇ ಮಾಡಿದೆ. ಪರದೆ ಆರಿಸಿದ ತಕ್ಷಣ ಬೋರ್ಡ್ ಗಪ್‌ಚುಪ್. ಸಾಲನ್ನು ಲಾಕ್‌ನ ಮೇಲಕ್ಕೆ ಸರಿಸಿದೆ, ಪರದೆ ಆರಿಸಿ ಊಟಕ್ಕೆ ಹೋದೆ. ಬಂದು ಮುಟ್ಟಿದಾಗ ಎದ್ದಿತು. ಇಂಟರಪ್ಟ್ಸ್ ಫೈಲ್‌ನಲ್ಲಿ ಊಟಕ್ಕೆ ಮುಂಚೆ ಇದ್ದ ಅಂಕಿಗೆ ಬೆರಳು ಮುಟ್ಟಿದಷ್ಟೇ ಸೇರಿತ್ತು.